ತೀರ್ಥಹಳ್ಳಿಯ ಸುತ್ತ ಒಂದು ದಿನದ ಸಣ್ಣ ಚಾರಣಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಮಲೆನಾಡಿನಲ್ಲಿ ಹೆಚ್ಚು ದಣಿಯದೆ ಒಂದು ದಿನ ನಡೆದಾಡಬಹುದಾದ ಜಾಗಗಳ ಬಗ್ಗೆ ಬಂದ ಪತ್ರಗಳಲ್ಲಿ ಬಹುಪಾಲು ತೀರ್ಥಹಳ್ಳಿ ತಾಲ್ಲೂಕನ್ನೇ ಕುರಿತವು. ಆದುದರಿಂದ ಈ ಬಾರಿಯ ಅಂಕಣವನ್ನು ಆ ಒಂದು ತಾಲ್ಲೂಕಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ (ದಾವಣಗೆರೆಯ ಓದುಗರಿಂದ): ನಾವು ನಾಲ್ವರು ಸಹೋದ್ಯೋಗಿಗಳು. ಚಾರಣದ ಅಭ್ಯಾಸ ಯಾರಿಗೂ ಅಷ್ಟಾಗಿ ಇಲ್ಲ. ಡಿಸೆಂಬರಿನ ಒಂದು ಶನಿವಾರ ರಾತ್ರಿ ತೀರ್ಥಹಳ್ಳಿಯಲ್ಲಿ ತಂಗಿ, ಭಾನುವಾರ ಕುಪ್ಪಳಿಯ ಕವಿಶೈಲ, ಕವಲೇದುರ್ಗ, ಕುಂದಾದ್ರಿ ಮೂರನ್ನೂ ನೋಡಬೇಕೆಂದಿದ್ದೇವೆ. ಇದು ಸಾಧ್ಯವೇ? ಸೂರ್ಯೋದಯಕ್ಕೆ ಕವಿಶೈಲದಲ್ಲಿರಬೇಕು ಎಂಬುದು ನಮ್ಮ ಆಸೆ.

ಉತ್ತರ: ಸ್ವಂತ ವಾಹನವಿದ್ದರೆ ಸಾಧ್ಯ. ಆದರೆ ಮೂರೂ ಜಾಗಗಳು ತೀರ್ಥಹಳ್ಳಿಯಿಂದ ಮೂರು ದಿಕ್ಕಿಗಿವೆ ಎಂಬುದನ್ನು ಮೊದಲೇ ಗಮನಿಸಬೇಕು. ಕುಪ್ಪಳಿಯು ಕೊಪ್ಪದ ರಸ್ತೆಯಲ್ಲಿದೆ, ಕವಲೇದುರ್ಗಕ್ಕೆ ನಗರ ಎಂಬ ಊರಿನ ಕಡೆಯ ರಸ್ತೆ ಹಿಡಿಯಬೇಕು, ಕುಂದಾದ್ರಿಗೆ ಆಗುಂಬೆ ರಸ್ತೆಯ ಗುಡ್ಡೇಕೇರಿಯ ಬಳಿ ತಿರುಗಬೇಕು. ಪ್ರತಿಯೊಂದೂ ಪೇಟೆಯಿಂದ ಹೆಚ್ಚುಕಡಿಮೆ ಇಪ್ಪತ್ತು ಕಿಲೋಮೀಟರು ದೂರದಲ್ಲಿರುವುದರಿಂದ, ಒಂದನ್ನು ಮುಗಿಸಿ ಪೇಟೆಗೆ ಮರಳಿ ಇನ್ನೊಂದಕ್ಕೆ ಹೊರಡುವುದರಲ್ಲೇ ದಿನದ ದೊಡ್ಡ ಪಾಲು ಕಳೆಯುತ್ತದೆ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಮೂಡುವುದು ಸುಮಾರು ಆರೂ ಮುಕ್ಕಾಲಿಗೆ, ಮುಳುಗುವುದು ಆರು ಗಂಟೆಯಾಗಿ ಕೆಲವು ನಿಮಿಷಗಳಿಗೆ. ನಿಮ್ಮ ಕೈಯಲ್ಲಿರುವ ಬೆಳಕು ಅಷ್ಟೇ.

ಸೂರ್ಯೋದಯಕ್ಕೆ ಕವಿಶೈಲ ಎಂಬ ಆಸೆ ಸಹಜವಾದುದೇ, ಹೆಚ್ಚಿನವರು ಹಾಗೆಯೇ ಮಾಡುತ್ತಾರೆ. ಆದರೂ ನಾನು ಅದನ್ನು ಸೂಚಿಸುವುದಿಲ್ಲ. ಹಾಗೆ ಮಾಡಿದರೆ ಮೂರರಲ್ಲಿ ಅತ್ಯಂತ ಉದ್ದದ ನಡಿಗೆಯಾದ ಕವಲೇದುರ್ಗವು ನೆತ್ತಿ ಸುಡುವ ಹೊತ್ತಿಗೆ ಬರುತ್ತದೆ. ಕೋಟೆಯ ಮೇಲ್ಭಾಗದಲ್ಲಾದರೋ ಮರದ ನೆರಳು ಕಡಿಮೆ, ಕಲ್ಲು ಹೆಚ್ಚು. ಬೆಳಗಿನ ತಂಪಿನಲ್ಲಿ ಕವಲೇದುರ್ಗವನ್ನು ಹತ್ತಿ, ಹನ್ನೊಂದೂವರೆಯೊಳಗೆ ಇಳಿದು, ತೀರ್ಥಹಳ್ಳಿಯಲ್ಲಿ ಊಟ ಮುಗಿಸಿ, ಮಧ್ಯಾಹ್ನ ಕುಪ್ಪಳಿಗೆ ಹೋಗುವುದು ಒಳ್ಳೆಯದು. ಕವಿಮನೆಯನ್ನು ನಿಧಾನವಾಗಿ ನೋಡಿ ಕವಿಶೈಲಕ್ಕೆ ಏರಿದರೆ ಆ ದಾರಿಯುದ್ದಕ್ಕೂ ಕಾಡಿನ ನೆರಳು ಸಿಗುತ್ತದೆ. ಅಲ್ಲಿಂದ ಮೂರೂವರೆಗೆ ಹೊರಟರೆ ಕುಂದಾದ್ರಿಯ ತುದಿಯನ್ನು ಸಂಜೆಯ ಬಿಸಿಲಿನಲ್ಲಿ ಮುಟ್ಟಬಹುದು. ಮೂರರಲ್ಲಿ ಒಂದನ್ನು ಬಿಡಲೇಬೇಕಾಗಿ ಬಂದರೆ ಕುಂದಾದ್ರಿಯನ್ನು ಬಿಡಿ. ಅಲ್ಲಿಗೆ ಬಹುತೇಕ ತುದಿಯವರೆಗೂ ವಾಹನದ ರಸ್ತೆಯಿರುವುದರಿಂದ ಇನ್ನೊಮ್ಮೆ ಬೇರೆ ಪ್ರಯಾಣದ ನಡುವೆಯೂ ನೋಡಬಹುದು.

ಪ್ರಶ್ನೆ (ಮೈಸೂರಿನ ಓದುಗರಿಂದ): ಕವಲೇದುರ್ಗದಲ್ಲಿ ನೋಡಲು ಏನೂ ಉಳಿದಿಲ್ಲ, ಬರೀ ಪಾಳುಗೋಡೆಗಳಿವೆ ಎಂದು ಹೋಗಿಬಂದ ಬಂಧುಗಳು ಹೇಳಿದರು. ಮಾರ್ಗದರ್ಶಕರಿಲ್ಲದೆ ಹೋದರೆ ಏನನ್ನು ಗಮನಿಸಬೇಕು?

ಉತ್ತರ: ತುದಿಯಲ್ಲಿ ಫೋಟೊ ತೆಗೆಯುವ ಆತುರದಲ್ಲಿ ಹತ್ತಿದವರಿಗೆ ಹಾಗೆ ಅನ್ನಿಸುವುದುಂಟು. ಈ ದುರ್ಗಕ್ಕೆ ಭುವನಗಿರಿ ಎಂಬ ಹೆಸರೂ ಇತ್ತು. ಕೆಳದಿ ಅರಸರಲ್ಲಿ ಪ್ರಬಲನಾದ ವೆಂಕಟಪ್ಪ ನಾಯಕನ ಹೆಸರಿನೊಂದಿಗೆ ಇದರ ಚರಿತ್ರೆ ಬೆಸೆದುಕೊಂಡಿದೆ. ಕೆಳದಿ, ಇಕ್ಕೇರಿ, ಬಿದನೂರು ಎಂದು ರಾಜಧಾನಿಯನ್ನು ಬದಲಿಸುತ್ತ ಬಂದ ಆ ಮನೆತನಕ್ಕೆ ಕಾಡಿನ ನಡುವಿನ ಇಂಥ ಗಿರಿದುರ್ಗಗಳು ಎಷ್ಟು ಮುಖ್ಯವಾಗಿದ್ದವು ಎಂಬುದು ಹತ್ತುವಾಗಲೇ ತಿಳಿಯುತ್ತದೆ. 1763ರಲ್ಲಿ ಬಿದನೂರು ಹೈದರಾಲಿಯ ವಶವಾದ ಮೇಲೆ ಈ ರಾಜ್ಯ ಅಳಿಯಿತು.

ದಾರಿಯು ಊರಿನ ಗದ್ದೆಗಳ ಅಂಚಿನಿಂದ ಆರಂಭವಾಗಿ, ಕಲ್ಲು ಹಾಸಿದ ಏರುಹಾದಿಯಾಗಿ ಕಾಡನ್ನು ಹೊಗುತ್ತದೆ. ಕೋಟೆಯ ಗೋಡೆಗಳು ಸುತ್ತುಸುತ್ತಾಗಿ ಬೆಟ್ಟದ ಮೈಯನ್ನೇ ಅನುಸರಿಸಿ ಸಾಗಿವೆ. ಕೆಲವೆಡೆ ಸಹಜವಾದ ಬಂಡೆ ಎಲ್ಲಿ ಮುಗಿಯಿತು, ಕಟ್ಟಿದ ಗೋಡೆ ಎಲ್ಲಿ ಆರಂಭವಾಯಿತು ಎಂದು ಹುಡುಕಬೇಕಾಗುತ್ತದೆ. ಪ್ರತಿ ಹೆಬ್ಬಾಗಿಲಿನ ಬಳಿಯೂ ಒಂದಿಷ್ಟು ಹೊತ್ತು ನಿಂತು, ಕಾವಲುಗಾರರಿಗಾಗಿ ಇಕ್ಕೆಲಗಳಲ್ಲಿ ಮಾಡಿದ ಕಟ್ಟೆಗಳನ್ನೂ, ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಸಾಗುವ ದಾರಿಯನ್ನೂ ನೋಡಿ.

ಒಳಗೆ ಕಾಶಿ ವಿಶ್ವನಾಥ ದೇವಾಲಯವಿದೆ, ಅದರ ಮುಂದೆ ಎರಡು ಎತ್ತರದ ಕಂಬಗಳಿವೆ. ನನ್ನ ಮಟ್ಟಿಗೆ ಕವಲೇದುರ್ಗದ ಜೀವಾಳವಿರುವುದು ಅರಮನೆಯ ನೆಲಗಟ್ಟಿನಲ್ಲಿ. ಮೇಲಿನ ಕಟ್ಟಡ ಉಳಿದಿಲ್ಲ. ಆದರೆ ಕಂಬಗಳನ್ನು ನಿಲ್ಲಿಸುತ್ತಿದ್ದ ಕಲ್ಲುಗಳು, ಅಡುಗೆಮನೆಯಲ್ಲಿ ಹಲವು ಬಾಯಿಗಳ ಕಲ್ಲಿನ ಒಲೆ, ನೀರು ಹರಿದುಹೋಗುವ ಕಾಲುವೆ, ಮೆಟ್ಟಿಲಿರುವ ಕೊಳ ಇವೆಲ್ಲ ಇದ್ದಲ್ಲಿಯೇ ಇವೆ. ಅರಸರ ಚರಿತ್ರೆಯಲ್ಲಿ ಯುದ್ಧಗಳನ್ನೇ ಓದಿದ ನಮಗೆ ಅವರ ಮನೆಯ ಬಚ್ಚಲಿನ ನೀರು ಎತ್ತ ಹರಿಯುತ್ತಿತ್ತು ಎಂಬುದನ್ನು ಕಣ್ಣಾರೆ ನೋಡುವ ಅವಕಾಶ ಅಪರೂಪ. ಇಲ್ಲಿ ಅರ್ಧ ಗಂಟೆಯನ್ನಾದರೂ ಕಳೆದು, ಆಮೇಲೆ ತುತ್ತತುದಿಯ ಗುಡಿಗೆ ಹೋಗಿ. ಅಲ್ಲಿಂದ ಪಶ್ಚಿಮಕ್ಕೆ ಘಟ್ಟದ ಸಾಲುಗಳೂ, ಆಕಾಶ ತಿಳಿಯಾಗಿದ್ದರೆ ವಾರಾಹಿಯ ಹಿನ್ನೀರೂ ಕಾಣುತ್ತವೆ. ಮೇಲೆ ಅಂಗಡಿ ಇರುತ್ತದೆ ಎಂದು ನಂಬದೆ ತಲಾ ಎರಡು ಲೀಟರು ನೀರನ್ನು ಒಯ್ಯುವುದು, ಖಾಲಿ ಬಾಟಲಿಯನ್ನು ಮರಳಿ ತರುವುದು ಅಗತ್ಯ.

ಪ್ರಶ್ನೆ (ಬೆಂಗಳೂರಿನ ಓದುಗರಿಂದ): ಫೆಬ್ರವರಿಯಲ್ಲಿ ಮಕ್ಕಳೊಂದಿಗೆ ಹೊರಟಿದ್ದೇವೆ. ಆ ಭಾಗದಲ್ಲಿ ಮಂಗನ ಕಾಯಿಲೆ ಇದೆಯೆಂದು ಕೇಳಿ ಭಯವಾಗಿದೆ. ಪ್ರಯಾಣವನ್ನು ರದ್ದುಗೊಳಿಸಬೇಕೇ?

ಉತ್ತರ: ಭಯಪಟ್ಟು ರದ್ದುಗೊಳಿಸಬೇಕಾಗಿಲ್ಲ, ಆದರೆ ಹಗುರವಾಗಿಯೂ ತೆಗೆದುಕೊಳ್ಳಬಾರದು. ಈ ರೋಗ ಮೊದಲು ಪತ್ತೆಯಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯದೇ ಆದ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ. ಇದು ವೈರಾಣುವಿನಿಂದ ಬರುವ ಕಾಯಿಲೆ. ಕಾಡಿನ ಉಣುಗುಗಳು (ಉಣ್ಣೆಹುಳುಗಳು) ಕಚ್ಚಿದಾಗ ಮನುಷ್ಯರಿಗೂ ಮಂಗಗಳಿಗೂ ತಗಲುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಮಳೆಗಾಲ ಮುಗಿದ ಮೇಲೆ ಎಳೆಯ ಉಣುಗುಗಳು ಹೆಚ್ಚುವುದರಿಂದ ಡಿಸೆಂಬರಿನಿಂದ ಮೇ ತಿಂಗಳವರೆಗೆ ಅಪಾಯ ಹೆಚ್ಚು, ಮತ್ತು ನೀವು ಹೊರಟಿರುವುದು ಆ ಅವಧಿಯ ನಡುವಿನಲ್ಲೇ. ಕೊಟ್ಟಿಗೆಗಾಗಿ ದರಗು (ಒಣ ಎಲೆ) ಗುಡಿಸಲು, ಸೌದೆ ತರಲು ದಿನವೂ ಕಾಡಿಗೆ ಹೋಗುವ ಊರವರ ಅಪಾಯಕ್ಕೆ ಹೋಲಿಸಿದರೆ, ಸವೆದ ದಾರಿಯಲ್ಲಿ ನಡೆದು ಮರಳುವ ನಿಮ್ಮ ಅಪಾಯ ಕಡಿಮೆ.

ಹೊರಡುವ ಮುನ್ನ ಆ ವರ್ಷ ಯಾವ ಊರುಗಳಲ್ಲಿ ಮಂಗಗಳು ಸತ್ತಿವೆ, ಪ್ರಕರಣಗಳು ವರದಿಯಾಗಿವೆ ಎಂಬುದನ್ನು ಸ್ಥಳೀಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಅಂಥ ಕಾಡಿನತ್ತ ಹೋಗಬೇಡಿ. ಕಾಡಂಚಿನ ಜನರಿಗೆ ಆರೋಗ್ಯ ಇಲಾಖೆಯವರು ಮೈಗೆ ಹಚ್ಚಿಕೊಳ್ಳಲು ಉಣುಗುಗಳನ್ನು ದೂರವಿಡುವ ಡೆಪಾ ತೈಲವನ್ನು ಕೊಡುತ್ತಾರೆ. ಮಕ್ಕಳಿಗೆ ಹಚ್ಚುವ ಮೊದಲು ಅಲ್ಲಿಯೇ ಕೇಳಿಕೊಳ್ಳಿ. ಎಲ್ಲರೂ ಪೂರ್ಣ ತೋಳಿನ ತಿಳಿಬಣ್ಣದ ಬಟ್ಟೆ ಧರಿಸಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳಬೇಕು. ಒಣ ಎಲೆಗಳ ರಾಶಿಯ ಮೇಲೆ ಕೂತು ಬುತ್ತಿ ಬಿಚ್ಚುವುದು ಮಕ್ಕಳಿಗೆ ಎಷ್ಟೇ ಇಷ್ಟವಾದರೂ ಅದು ಬೇಡ, ಬಯಲಿನ ಬಂಡೆಯ ಮೇಲೆ ಕುಳಿತುಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರವರಿಗೆ ತಿಳಿಸಿ. ಕೋಣೆಗೆ ಮರಳಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಗಳನ್ನು ಒಗೆದು, ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿಯ ಹಿಂಬದಿಯಲ್ಲಿ ಉಣುಗುಗಳಿವೆಯೇ ಎಂದು ಪರೀಕ್ಷಿಸಿ. ಮುಂದಿನ ಹತ್ತು ದಿನಗಳಲ್ಲಿ ಯಾರಿಗಾದರೂ ಏಕಾಏಕಿ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ಬೆಂಗಳೂರಿನ ವೈದ್ಯರಿಗೆ ನೀವು ಮಲೆನಾಡಿನ ಕಾಡಿಗೆ ಹೋಗಿದ್ದ ಸಂಗತಿಯನ್ನು ಮೊದಲಿಗೇ ಹೇಳಿ. ನೀವು ಹೇಳದಿದ್ದರೆ ಅವರಿಗೆ ಈ ಕಾಯಿಲೆಯ ಸಂಶಯ ಬಾರದೇ ಹೋಗಬಹುದು.

ಪ್ರಶ್ನೆ (ಹುಬ್ಬಳ್ಳಿಯ ಓದುಗರಿಂದ): ಉಣುಗಿನ ಕಾಟವಿಲ್ಲದ ಮಳೆಗಾಲದಲ್ಲೇ ಹೋದರೆ ಹೇಗೆ? ಜುಲೈಯಲ್ಲಿ ಮಲೆನಾಡಿನ ಹಸಿರು ನೋಡುವಂತಿರುತ್ತದಲ್ಲವೇ?

ಉತ್ತರ: ಹಸಿರು ಇರುತ್ತದೆ, ನೋಟ ಇರುವುದಿಲ್ಲ. ಕುಂದಾದ್ರಿಗೆ ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ, ಅದರ ಬಹುಭಾಗ ಸುರಿಯುವುದು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಪಾಚಿಗಟ್ಟಿದ ಕೋಟೆಯ ಮೆಟ್ಟಿಲುಗಳು ಇಳಿಯುವಾಗ ವಿಪರೀತ ಜಾರುತ್ತವೆ. ರಕ್ತ ಹೀರುವ ಉಂಬಳಗಳಂತೂ (ನೆಲದ ಜಿಗಣೆಗಳು) ಇದ್ದೇ ಇರುತ್ತವೆ. ಅವುಗಳಿಂದ ಪ್ರಾಣಾಪಾಯವಿಲ್ಲ, ಸುಣ್ಣವನ್ನೋ ಉಪ್ಪನ್ನೋ ಮುಟ್ಟಿಸಿದರೆ ಬಿಡುತ್ತವೆ. ಮಳೆಯನ್ನೇ ಅನುಭವಿಸಬೇಕೆಂದಿದ್ದರೆ ಕವಿಶೈಲವೊಂದಕ್ಕೆ ಹೋಗಿಬನ್ನಿ, ಉಳಿದ ಎರಡನ್ನು ಅಕ್ಟೋಬರ್ ಕೊನೆಯಿಂದ ನವೆಂಬರಿನವರೆಗಿನ ದಿನಗಳಿಗೆ ಇಟ್ಟುಕೊಳ್ಳಿ. ಎಲ್ಲ ರೀತಿಯಿಂದಲೂ ನಾನು ಮೆಚ್ಚುವ ಕಾಲ ಅದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕೇಳಿಸಿದರೆ ಕುಂದಾದ್ರಿಯ ಬೋಳು ಬಂಡೆಯ ಮೇಲೆ ನಿಲ್ಲಲೇಬೇಡಿ.

ಪ್ರಶ್ನೆ (ಮಂಡ್ಯದ ಓದುಗರಿಂದ): ಎಪ್ಪತ್ತು ದಾಟಿದ ತಾಯಿಯವರು ನಮ್ಮೊಂದಿಗೆ ಬರುತ್ತಾರೆ. ಅವರಿಗೆ ಮಂಡಿನೋವಿದೆ. ಅವರನ್ನು ಎಲ್ಲಿಗೆ ಕರೆದೊಯ್ಯಬಹುದು?

ಉತ್ತರ: ಕುಂದಾದ್ರಿಗೆ ಕರೆದೊಯ್ಯಿರಿ. ರಸ್ತೆ ಕಿರಿದು, ತಿರುವುಗಳು ಕಡಿದಾಗಿವೆ. ಆದುದರಿಂದ ಘಟ್ಟದಲ್ಲಿ ಓಡಿಸಿ ಅಭ್ಯಾಸವಿರುವವರೇ ವಾಹನ ನಡೆಸಲಿ. ವಾಹನ ನಿಲ್ಲಿಸಿದ ಮೇಲೆ ಹತ್ತಬೇಕಾದ ಮೆಟ್ಟಿಲುಗಳು ಕೆಲವೇ. ಮೇಲೆ ಪಾರ್ಶ್ವನಾಥ ಬಸದಿಯೂ, ಬಂಡೆಯಲ್ಲಿ ನೀರು ನಿಲ್ಲುವ ಕೊಳಗಳೂ ಇವೆ. ಜೈನ ಪರಂಪರೆಯಲ್ಲಿ ಕುಂದಕುಂದಾಚಾರ್ಯರೊಂದಿಗೆ ಈ ಬೆಟ್ಟದ ಹೆಸರನ್ನು ಜೋಡಿಸುತ್ತಾರೆ. ಮಕರ ಸಂಕ್ರಾಂತಿಯಂದು ಇಲ್ಲಿ ಜಾತ್ರೆ ಸೇರುವುದರಿಂದ ಏಕಾಂತ ಬಯಸುವವರು ಆ ದಿನ ಬರಬಾರದು. ನೀವು ಕವಲೇದುರ್ಗ ಹತ್ತುವ ಹೊತ್ತಿನಲ್ಲಿ ತಾಯಿಯವರು ತೀರ್ಥಹಳ್ಳಿಯಲ್ಲೇ ಉಳಿದು ತುಂಗೆಯ ದಡದ ರಾಮೇಶ್ವರ ದೇವಸ್ಥಾನಕ್ಕೆ ಹೋಗಿಬರಬಹುದು.

ಪ್ರಶ್ನೆ (ತುಮಕೂರಿನ ವಿದ್ಯಾರ್ಥಿನಿಯಿಂದ): ನಮಗೆ ಸ್ವಂತ ವಾಹನವಿಲ್ಲ. ಬಸ್ಸಿನಲ್ಲೇ ಹೋಗುವುದಾದರೆ ಎಷ್ಟನ್ನು ನೋಡಬಹುದು? ತೋಟ, ಗದ್ದೆಗಳ ನಡುವೆ ನಡೆಯುವಾಗ ಯಾರ ಅನುಮತಿಯನ್ನಾದರೂ ಕೇಳಬೇಕೇ?

ಉತ್ತರ: ಬಸ್ಸನ್ನೇ ನಂಬಿ ಹೊರಟರೆ ದಿನಕ್ಕೊಂದು ಜಾಗ ಸಾಕು, ಮತ್ತು ಅದು ಕುಪ್ಪಳಿಯಾಗಲಿ, ತೀರ್ಥಹಳ್ಳಿ ಮತ್ತು ಕೊಪ್ಪದ ನಡುವೆ ಬಸ್ಸುಗಳ ಓಡಾಟವಿದೆ. ಕವಲೇದುರ್ಗವನ್ನೂ ಸೇರಿಸುವುದಾದರೆ ನಾಲ್ಕು ಜನ ಕೂಡಿ ತೀರ್ಥಹಳ್ಳಿಯಿಂದ ಆಟೊ ಗೊತ್ತುಮಾಡಿಕೊಳ್ಳಿ, ಕಾಯುವ ಹೊತ್ತಿನ ಬಾಡಿಗೆಯನ್ನೂ ಮೊದಲೇ ಮಾತನಾಡಿಕೊಳ್ಳಿ. ಕೋಟೆಗೆ ಹೋಗುವ ಹಾದಿಯಲ್ಲಿ ನಡೆಯಲು ಯಾರ ಅಪ್ಪಣೆಯೂ ಬೇಡ, ಆದರೆ ಹಾದಿ ಬಿಟ್ಟು ಗದ್ದೆಗೆ ಇಳಿಯುವುದು ಸರಿಯಲ್ಲ. ನವೆಂಬರ್, ಡಿಸೆಂಬರಿನಲ್ಲಿ ಭತ್ತ ಕೊಯ್ಲಿಗೆ ಬಂದಿರುತ್ತದೆ, ಅಡಿಕೆ ಕೊಯ್ಲೂ ನಡೆದಿರುತ್ತದೆ. ದಾರಿಗೆ ಅಡ್ಡವಾಗಿ ದಣಪೆಯೋ ಉಣುಗೋಲೋ (ಬೇಲಿಯ ನಡುವಿನ, ಸರಿಸಬಹುದಾದ ಅಡ್ಡಗಳುಗಳು) ಇದ್ದರೆ ಸರಿಸಿ ದಾಟಿದವರು ಮರಳಿ ಇದ್ದಂತೆಯೇ ಹಾಕಬೇಕು. ತೆರೆದೇ ಬಿಟ್ಟರೆ ದನಗಳು ನುಗ್ಗಿ ಒಂದು ಮನೆಯ ವರ್ಷದ ಬೆಳೆ ಹಾಳಾದೀತು. ಅಂಗಳದಲ್ಲಿ ಒಣಹಾಕಿದ ಅಡಿಕೆಯ ಫೋಟೊ ಬೇಕೆನಿಸಿದರೆ ಮನೆಯವರನ್ನು ಕೂಗಿ ಕೇಳಿ ತೆಗೆದುಕೊಳ್ಳಿ.