ಕ್ಯಾಪ್ಟನ್ ಹುಮಾಯೂನ್ ಖಾನ್ ಯಾರು? ಅವರು ಹೇಗೆ ತೀರಿಕೊಂಡರು?

ಅಮೆರಿಕದ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವರು, ಪಾಕಿಸ್ತಾನಿ ಅಪ್ಪ ಅಮ್ಮನ ಮಗ. 1976ರಲ್ಲಿ ಯುಎಇಯಲ್ಲಿ ಹುಟ್ಟಿದರು, ಚಿಕ್ಕವರಿದ್ದಾಗಲೇ ಮನೆಯವರ ಜೊತೆ ಅಮೆರಿಕದ ಮೇರಿಲ್ಯಾಂಡ್‌ಗೆ ಬಂದರು. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಸೈನ್ಯ ಸೇರಿದರು. ಮುಂದೆ ಲಾ ಓದುವ ಆಸೆಯೂ ಇತ್ತು.

2004ರ ಜೂನ್ 8, ಇರಾಕ್ ಯುದ್ಧದ ಸಮಯ, ಇರಾಕಿನ ಬಕೂಬಾ ನಗರ. ಅಮೆರಿಕದ ಸೈನ್ಯದ ಕ್ಯಾಂಪಿನ ಗೇಟಿನ ಕಡೆ ಒಂದು ಟ್ಯಾಕ್ಸಿ ಬರ್ತಾ ಇತ್ತು. ಅನುಮಾನ ಬಂದು, ತಮ್ಮ ಹುಡುಗರಿಗೆಲ್ಲ ಹಿಂದೆ ಸರಿಯೋಕೆ ಹೇಳಿ, ಅದನ್ನು ನಿಲ್ಲಿಸಲು ತಾವೊಬ್ಬರೇ ಮುಂದೆ ನಡೆದರು. ಟ್ಯಾಕ್ಸಿಯಲ್ಲಿದ್ದ ಬಾಂಬ್ ಅಲ್ಲೇ ಸಿಡಿದು ತೀರಿಕೊಂಡರು. ವಯಸ್ಸು ಬರೀ 27. ಅವರು ಹಾಗೆ ಹೆಜ್ಜೆ ಮುಂದೆ ಇಡದೇ ಇದ್ದಿದ್ದರೆ ಎಷ್ಟು ಜನ ಹೋಗ್ತಿದ್ದರೋ!

ಬ್ರಾಂಜ್ ಸ್ಟಾರ್, ಪರ್ಪಲ್ ಹಾರ್ಟ್ ಎಂಬ ಅಮೆರಿಕದ ಸೇನಾ ಪದಕಗಳು ಎರಡೂ ಸತ್ತ ಮೇಲೆ ಬಂದವು. ಸಮಾಧಿ ಅಮೆರಿಕದ ಆರ್ಲಿಂಗ್ಟನ್ ರಾಷ್ಟ್ರೀಯ ಸೈನಿಕ ಸ್ಮಶಾನದಲ್ಲಿದೆ. 2016ರಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಜೇಬಿನಿಂದ ಅಮೆರಿಕದ ಸಂವಿಧಾನದ ಪುಟ್ಟ ಪ್ರತಿ ತೆಗೆದು ಎತ್ತಿ ಹಿಡಿದರಲ್ಲ ಖಿಜ್ರ್ ಖಾನ್, ಅವರೇ ಇವರ ಅಪ್ಪ.