ಪ್ಲಾಸ್ಮಾ ಅಪ್‌ಗ್ರೇಡ್ ಅರ್ಧಕ್ಕೆ ನಿಂತಾಗ ಅವಲಂಬನೆಯ ಸಿಕ್ಕನ್ನು ಬಿಡಿಸುವುದು ಹೇಗೆ?

ಡೆಬಿಯನ್ ಲಿನಕ್ಸ್ 12ರಿಂದ 13ಕ್ಕೆ ಹೋಗುವಾಗ ಡೆಸ್ಕ್‌ಟಾಪ್ ಆದ ಕೆಡಿಇ ಪ್ಲಾಸ್ಮಾ 5.27ರಲ್ಲೇ ಉಳಿದಿದೆ, ‘ಕೆಡಿಇ-ಸ್ಟ್ಯಾಂಡರ್ಡ್’ ಪ್ಯಾಕೇಜಿನ (ಡೆಸ್ಕ್‌ಟಾಪಿನ ಉಳಿದ ಪ್ಯಾಕೇಜುಗಳನ್ನು ಎಳೆದು ತರುವಂಥದ್ದು) ಅವಲಂಬನೆಗಳು, ಅಂದರೆ ಅದಕ್ಕೆ ಬೇಕಾದ ಇತರ ಪ್ಯಾಕೇಜುಗಳು, ಪೂರೈಕೆಯಾಗುತ್ತಿಲ್ಲ ಎಂದು ಪ್ಯಾಕೇಜು ನಿರ್ವಾಹಕ ಆಪ್ಟ್ ಹೇಳುತ್ತಿದೆ, ಆದ್ದರಿಂದ ಪ್ಯಾಕೇಜುಗಳನ್ನು ಒಂದೊಂದಾಗಿ ಇಳಿಸಿಕೊಂಡು ಆಪ್ಟ್‌ನ ಕೆಳಗೆ ಕೆಲಸ ಮಾಡುವ ಡಿಪಿಕೆಜಿ ಮೂಲಕ ಬಲವಂತವಾಗಿ ಕೂರಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಆಪ್ಟ್ ಅಲ್ಲಿಗೇ ನಿಂತಿರುವುದರಿಂದ ನಿಮ್ಮ ವ್ಯವಸ್ಥೆ ಇನ್ನೂ ಸುಸ್ಥಿತಿಯಲ್ಲಿದೆ. ಬಲವಂತ ಮಾಡಿದ ಮರುಕ್ಷಣದಿಂದ ಹಾಗಿರುವುದಿಲ್ಲ.

ಮೊದಲು ಆ ಸಂದೇಶದ ಕೊನೆಯ ಸಾಲಿನ ಬಗ್ಗೆ ಒಂದು ಮಾತು. ‘ಯು ಹ್ಯಾವ್ ಹೆಲ್ಡ್ ಬ್ರೋಕನ್ ಪ್ಯಾಕೇಜಸ್’ ಎಂಬುದನ್ನು ಓದಿದವರೆಲ್ಲ ತಾವೇ ಯಾವುದೋ ಪ್ಯಾಕೇಜನ್ನು ತಡೆಹಿಡಿದಿದ್ದೇವೆ ಎಂದು ಭಾವಿಸುತ್ತಾರೆ. ‘ಆಪ್ಟ್-ಮಾರ್ಕ್ ಶೋಹೋಲ್ಡ್’ ಎಂಬ ಆದೇಶ ಕೊಟ್ಟು ನೋಡಿ. ಬಹುತೇಕ ಸಂದರ್ಭಗಳಲ್ಲಿ ಅದು ಏನನ್ನೂ ತೋರಿಸುವುದಿಲ್ಲ. ಕೇಳಿದ್ದೆಲ್ಲವನ್ನೂ ಒಟ್ಟಿಗೆ ಹೊಂದಿಸುವ ದಾರಿ ತನಗೆ ಕಾಣಲಿಲ್ಲ ಎನ್ನುವುದಷ್ಟೇ ಆ ಸಾಲಿನ ಅರ್ಥ. ಇಷ್ಟು ದಾರಿತಪ್ಪಿಸುವ ಸಂದೇಶವನ್ನು ಇಷ್ಟು ವರ್ಷ ಹಾಗೆಯೇ ಉಳಿಸಿಕೊಂಡು ಬಂದದ್ದೇಕೆ ಎಂಬುದು ನನಗೆ ಈಗಲೂ ಅಚ್ಚರಿಯ ವಿಷಯ.

ಆ ಸಂದೇಶದಲ್ಲಿ ಹೆಸರಿಸಿರುವ ಪ್ಯಾಕೇಜು ಸಾಮಾನ್ಯವಾಗಿ ತಪ್ಪಿತಸ್ಥನಲ್ಲ. ಸರಪಳಿಯಲ್ಲಿ ಕೈಗೆ ಸಿಕ್ಕ ಮೊದಲ ಕೊಂಡಿ ಮಾತ್ರ. ಕೊನೆಯ ಕೊಂಡಿಯನ್ನು ತಲುಪಲು ಒಂದು ಸರಳ ಉಪಾಯವಿದೆ: ಯಾವ ಪ್ಯಾಕೇಜು ‘ಇನ್‌ಸ್ಟಾಲ್ ಆಗುವುದಿಲ್ಲ’ ಎಂದು ಆಪ್ಟ್ ಹೇಳುತ್ತದೋ ಅದೇ ಹೆಸರನ್ನು ಇನ್‌ಸ್ಟಾಲ್ ಆದೇಶದ ತುದಿಗೆ ಸೇರಿಸಿ ಮತ್ತೆ ಓಡಿಸುವುದು. ಆಗ ದೂರು ಒಂದು ಮೆಟ್ಟಿಲು ಕೆಳಗೆ ಇಳಿಯುತ್ತದೆ. ಇದೇ ಅಪ್‌ಗ್ರೇಡ್‌ನಲ್ಲಿ ನನ್ನ ಯಂತ್ರವೂ ಹೀಗೆಯೇ ನಿಂತಿತ್ತು. ‘ಕೆಡಿಇ-ಸ್ಟ್ಯಾಂಡರ್ಡ್’ ಕೇಳಿದಾಗ ಪರದೆಯ ಚಿತ್ರ ತೆಗೆಯುವ ‘ಕೆಡಿಇ-ಸ್ಪೆಕ್ಟಕಲ್’ ಬರುವುದಿಲ್ಲ ಎಂದಿತು, ಅದನ್ನು ಸೇರಿಸಿದೆ. ಕೆಪೈಪ್‌ವೈರ್‌ನ ಲೈಬ್ರರಿಯತ್ತ (ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಭಾಗ) ಬೆರಳು ತೋರಿಸಿತು, ಅದನ್ನೂ ಸೇರಿಸಿದೆ. ಅಲ್ಲಿಂದ ‘ಲಿಬ್‌ಎವಿಕೋಡೆಕ್61’. ಕೊನೆಗೆ ಹೊರಬಿದ್ದದ್ದು: ಲಿಬ್‌ಎವಿಕೋಡೆಕ್‌ಗೆ ತನ್ನದೇ ಆವೃತ್ತಿಯ ‘ಲಿಬ್‌ಎವಿಯುಟಿಲ್59’ ಬೇಕಾಗಿತ್ತು, ಆದರೆ ನನ್ನಲ್ಲಿ ಬೇರೊಂದು ಆವೃತ್ತಿ ಆಗಲೇ ಕುಳಿತಿತ್ತು. ಇಡೀ ಡೆಸ್ಕ್‌ಟಾಪನ್ನು ತಡೆದು ನಿಲ್ಲಿಸಿದ್ದು ವಿಡಿಯೊ ಸಂಬಂಧದ ಆ ಒಂದು ಪುಟ್ಟ ಲೈಬ್ರರಿ.

ಈ ಹಂತದಲ್ಲಿ ‘ಆಪ್ಟ್ ಪಾಲಿಸಿ’ ಎಂದು ಬರೆದು ಮುಂದೆ ಆ ಲೈಬ್ರರಿಯ ಹೆಸರು ಕೊಡಿ. ಯಂತ್ರದಲ್ಲಿರುವ ಆವೃತ್ತಿ, ಆಪ್ಟ್ ಆರಿಸಿರುವ ಆವೃತ್ತಿ, ಪ್ರತಿಯೊಂದೂ ಯಾವ ಭಂಡಾರದಿಂದ (ಪ್ಯಾಕೇಜುಗಳನ್ನು ಇಳಿಸಿಕೊಳ್ಳುವ ತಾಣ, ರೆಪಾಸಿಟರಿ) ಬಂದದ್ದು ಎಂಬುದೆಲ್ಲ ಅಲ್ಲಿ ಕಾಣುತ್ತದೆ. ನನ್ನದು ಹಿಂದೊಮ್ಮೆ ಸೇರಿಸಿಕೊಂಡಿದ್ದ ಹೊರಗಿನ ಭಂಡಾರದಿಂದ ಬಂದಿತ್ತು. ಅದರ ಆವೃತ್ತಿ ಸಂಖ್ಯೆಯ ಮೊದಲಿಗೆ ‘10:’ ಎಂದಿತ್ತು, ಡೆಬಿಯನ್‌ನದಕ್ಕೆ ‘7:’. ಹೀಗೆ ಕೋಲನ್‌ಗಿಂತ ಮುಂಚೆ ಬರುವ ಅಂಕಿಗೆ ಎಪೋಕ್ ಎನ್ನುತ್ತಾರೆ; ಹೋಲಿಸುವಾಗ ಆಪ್ಟ್ ಮೊದಲು ನೋಡುವುದು ಅದನ್ನೇ, ಉಳಿದ ಅಂಕಿಗಳಿಗೆ ಸರದಿ ಆಮೇಲೆ. ಹಾಗಾಗಿ ಒಳಗಿರುವ ತಂತ್ರಾಂಶ ಎಷ್ಟೇ ಹಳೆಯದಾಗಿದ್ದರೂ 10 ಇರುವುದೇ ‘ಹೊಸದು’ ಎಂದು ಲೆಕ್ಕಕ್ಕೆ ಬರುತ್ತದೆ, ತಾನಾಗಿ ಹಿಂದಿನ ಆವೃತ್ತಿಗೆ ಇಳಿಯುವುದಿಲ್ಲ. ಅಪ್‌ಗ್ರೇಡ್‌ಗೆ ಮುಂಚೆ ಆ ಭಂಡಾರದ ಸಾಲನ್ನು ಅಳಿಸಿದ್ದೆನಲ್ಲ ಎಂದು ನಾನೂ ಅಂದುಕೊಂಡಿದ್ದೆ. ಸಾಲನ್ನು ಅಳಿಸಿದರೆ ಹೊಸದು ಬರುವುದು ನಿಲ್ಲುತ್ತದೆಯೇ ಹೊರತು ಆಗಲೇ ಬಂದು ಕುಳಿತದ್ದು ಎದ್ದು ಹೋಗುವುದಿಲ್ಲ.

ಪರಿಹಾರ ಕಷ್ಟದ್ದಲ್ಲ. ಸಿಕ್ಕಿಬಿದ್ದ ಲೈಬ್ರರಿಗಳು ಎರಡು ಮೂರೇ ಆಗಿದ್ದರೆ ಇನ್‌ಸ್ಟಾಲ್ ಆದೇಶದಲ್ಲಿ ಪ್ರತಿ ಹೆಸರಿನ ಕೊನೆಗೆ ಓರೆಗೆರೆ ಹಾಕಿ ‘ಟ್ರಿಕ್ಸಿ’ ಎಂದು ಬರೆಯಿರಿ. ಡೆಬಿಯನ್ 13ರ ಆವೃತ್ತಿಯೇ ಬೇಕೆಂದು ಹೇಳಿದಂತಾಗುತ್ತದೆ, ಆಪ್ಟ್ ಒಮ್ಮೆ ಎಚ್ಚರಿಸಿ ಹಿಂದಿನದಕ್ಕೆ ಇಳಿಸುತ್ತದೆ. ಇಪ್ಪತ್ತು ಮೂವತ್ತು ಇದ್ದರೆ ಆಪ್ಟ್‌ನ ಪ್ರಿಫರೆನ್ಸಸ್ ಕಡತದಲ್ಲಿ ಟ್ರಿಕ್ಸಿ ಭಂಡಾರಕ್ಕೆ 1001 ಆದ್ಯತೆ ಕೊಡಿ. ಭಂಡಾರಗಳಿಗೆ ಸಹಜವಾಗಿ ಇರುವ ಆದ್ಯತೆ 500. ಅದು 1000 ಅಥವಾ ಅದಕ್ಕೂ ಹೆಚ್ಚಾದರೆ ಮಾತ್ರ ಆಪ್ಟ್ ಹಳೆಯ ಸಂಖ್ಯೆಗೆ ಇಳಿಯಲು ಒಪ್ಪುತ್ತದೆ. ಕೆಲಸ ಮುಗಿದ ಕೂಡಲೇ ಆ ಕಡತವನ್ನು ತೆಗೆದುಹಾಕಿ. ಡೆಬಿಯನ್‌ಗೆ ಸೇರದ ಪ್ಯಾಕೇಜುಗಳು ಇನ್ನೇನಿವೆ ಎಂದು ತಿಳಿಯಲು ‘ಆಪ್ಟ್-ಫೋರ್ಕ್‌ಟ್ರೇಸರ್’ ಎಂಬ ಚಿಕ್ಕ ಸಾಧನವಿದೆ. ನಿಜವಾಗಿ ಅದನ್ನು ಅಪ್‌ಗ್ರೇಡ್‌ಗೆ ಮುಂಚೆಯೇ ಓಡಿಸಬೇಕು.

ಇದಾದ ಮೇಲೆ ‘ಆಪ್ಟ್ ಫುಲ್-ಅಪ್‌ಗ್ರೇಡ್’ ಕೊಡಬೇಕು, ಏಕೆಂದರೆ ಬರಿಯ ‘ಅಪ್‌ಗ್ರೇಡ್’ ಯಾವುದನ್ನೂ ತೆಗೆದುಹಾಕುವುದಿಲ್ಲ, ಪ್ಲಾಸ್ಮಾ 5ರಿಂದ 6ಕ್ಕೆ ಹೋಗಲು ಅದರ ತಳಹದಿಯಾಗಿದ್ದ ಹಳೆಯ ಕ್ಯೂಟಿ 5 ಎಂಬ ತಂತ್ರಾಂಶದ ಕಾಲದ ಕೆಲವು ಪ್ಯಾಕೇಜುಗಳು ಜಾಗ ಬಿಡಲೇಬೇಕು. ಆದರೆ ಮೊದಲು ‘-ಎಸ್’ ಆಯ್ಕೆಯೊಂದಿಗೆ ಅಣಕು ಓಟ ಮಾಡಿಸಿ. ಅದರಲ್ಲಿ ಯಾವುದೂ ಬದಲಾಗುವುದಿಲ್ಲ. ‘ರೆಮ್‌ವ್’ ಎಂದು ಆರಂಭವಾಗುವ ಸಾಲುಗಳಷ್ಟನ್ನೇ ಆರಿಸಿ ನಿಧಾನವಾಗಿ ಓದಿ. ‘ಲಿಬ್‌ಗ್ಲಿಬ್2.0-0’ ಹೋಗಿ ಅದೇ ಹೆಸರಿನ ಕೊನೆಗೆ ‘ಟಿ64’ ಸೇರಿದ್ದು ಬರುವುದನ್ನು ಕಂಡು ಗಾಬರಿಯಾಗಬೇಡಿ. 2038ರ ದಿನಾಂಕದ ಸಮಸ್ಯೆಯನ್ನು ನಿವಾರಿಸಲು ಡೆಬಿಯನ್ 13ರಲ್ಲಿ ಅನೇಕ ಲೈಬ್ರರಿಗಳ ಹೆಸರನ್ನು ಹಾಗೆ ಬದಲಿಸಿದ್ದಾರೆ. ‘ಪ್ಲಾಸ್ಮಾ-ಡೆಸ್ಕ್‌ಟಾಪ್’, ‘ಎಸ್‌ಡಿಡಿಎಂ’ (ಲಾಗಿನ್ ಪರದೆ), ‘ನೆಟ್‌ವರ್ಕ್-ಮ್ಯಾನೇಜರ್’ ಇವುಗಳಲ್ಲಿ ಯಾವುದಾದರೂ ಆ ಪಟ್ಟಿಯಲ್ಲಿದ್ದರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ನಾನೊಮ್ಮೆ ಪಟ್ಟಿ ಉದ್ದವಾಗಿದೆ ಎಂಬ ಒಂದೇ ಕಾರಣಕ್ಕೆ ಓದದೆ ‘ವೈ’ ಒತ್ತಿ, ಮರುಚಾಲನೆಯ ನಂತರ ಕಪ್ಪು ಪರದೆಯಲ್ಲಿ ಲಾಗಿನ್ ಎಂಬ ಒಂದು ಪದವನ್ನಷ್ಟೇ ನೋಡುತ್ತ ಕುಳಿತಿದ್ದೆ. ಏನೇನು ಹೋಗಿತ್ತು ಎಂಬುದು ‘ವಾರ್’ ಅಡಿಯ ಲಾಗ್ ಕೋಶದಲ್ಲಿ, ಆಪ್ಟ್‌ನ ‘ಹಿಸ್ಟರಿ’ ಕಡತದಲ್ಲಿ ಪೂರ್ತಿ ದಾಖಲಾಗಿದ್ದರಿಂದ ಅದನ್ನೇ ನೋಡಿ ಮತ್ತೆ ಹಾಕಿಕೊಂಡೆ.

ಅಪ್‌ಗ್ರೇಡನ್ನು ಪ್ಲಾಸ್ಮಾದೊಳಗಿನ ಟರ್ಮಿನಲ್‌ನಿಂದ ಓಡಿಸಬೇಡಿ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಪಠ್ಯ ಕನ್ಸೋಲಿಗೆ ಹೋಗಿ ಎಸ್‌ಡಿಡಿಎಂ ಸೇವೆಯನ್ನು ನಿಲ್ಲಿಸಿದ ಮೇಲೆ ಅಪ್‌ಗ್ರೇಡನ್ನು ಆರಂಭಿಸಿ. ಕುಳಿತ ಡೆಸ್ಕ್‌ಟಾಪೇ ನಡುವೆ ಕುಸಿದರೆ ಟರ್ಮಿನಲ್ಲೂ ಅದರೊಂದಿಗೆ ಹೋಗುತ್ತದೆ. ಅಕಸ್ಮಾತ್ ಅರ್ಧದಲ್ಲಿ ನಿಂತರೆ ‘ಡಿಪಿಕೆಜಿ --ಕಾನ್ಫಿಗರ್ -ಎ’, ಆಮೇಲೆ ‘ಆಪ್ಟ್ -ಎಫ್ ಇನ್‌ಸ್ಟಾಲ್’. ಡಿಪಿಕೆಜಿಗೆ ನಿಮ್ಮ ಪ್ರಶ್ನೆಯಲ್ಲಿ ಇರುವ ನ್ಯಾಯವಾದ ಕೆಲಸ ಇದೊಂದೇ.

ಎಲ್ಲ ಮುಗಿದ ಮೇಲೂ, ಬೇಡವಾದ ಪ್ಯಾಕೇಜುಗಳನ್ನು ಪಟ್ಟಿ ಮಾಡಿ ಅಳಿಸುವ ‘ಆಟೊರಿಮೂವ್’ಗೆ ಅವಸರ ಬೇಡ. ಸಿಕ್ಕು ಬಿಡಿಸುವಾಗ ‘ಕೆಡಿಇ-ಸ್ಟ್ಯಾಂಡರ್ಡ್’ ತೆಗೆದುಹೋಗಿದ್ದರೆ, ಅದರ ಹೆಸರಿನಲ್ಲಿ ಬಂದ ಪ್ಯಾಕೇಜುಗಳೆಲ್ಲ ಯಾರಿಗೂ ಬೇಡವಾದವು ಎಂದು ಆಪ್ಟ್ ಎಣಿಸುತ್ತದೆ. ಮೊದಲು ಅದನ್ನು ಮರಳಿ ಹಾಕಿ, ಹೊಸ ಪ್ಲಾಸ್ಮಾಕ್ಕೆ ಲಾಗಿನ್ ಆಗುವುದನ್ನು ಖಚಿತಪಡಿಸಿಕೊಂಡು, ಬಳಿಕ ಆ ಪಟ್ಟಿಯನ್ನು ತೆರೆಯಿರಿ.