‘ಸೀಸನ್ಸ್ ಗ್ರೀಟಿಂಗ್ಸ್’ ಸಾಕೇ, ಕ್ರಿಸ್‌ಮಸ್ ಅನ್ನಬೇಕೇ?

ಪ್ರಶ್ನೆ: ನಮ್ಮ ಬಡಾವಣೆ ಸಂಘದ ಡಿಸೆಂಬರ್ ಬ್ಯಾನರ್‌ನಲ್ಲಿ ‘ಸೀಸನ್ಸ್ ಗ್ರೀಟಿಂಗ್ಸ್’ ಎಂದಷ್ಟೇ ಇದೆ. ಕ್ರೈಸ್ತಳಾದ ನನಗೆ ಬೇಸರ. ಹೇಳಿದ್ದಕ್ಕೆ ‘ಎಕ್ಸ್‌ಮಸ್’ ಹಾಕೋಣ ಎಂದರು. ಅದು ಅವಮಾನವಲ್ಲವೇ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದೇ. ಯುಗಾದಿಗೆ ಯಾರೂ ‘ಋತುವಿನ ಶುಭಾಶಯ’ ಎಂದು ಬರೆಯುವುದಿಲ್ಲ. ಯಾರ ಹುಟ್ಟುಹಬ್ಬವೋ ಅವರ ಹೆಸರನ್ನೇ ಬಿಟ್ಟರೆ ಉಳಿಯುವುದು ನಕ್ಷತ್ರ, ಕೇಕು ಮಾತ್ರ. ಹಾಗೆ ಬರೆದವರಿಗೆ ನೋಯಿಸುವ ಉದ್ದೇಶ ಇರಲಿಕ್ಕಿಲ್ಲ. ಎಲ್ಲರಿಗೂ ಒಪ್ಪಲಿ ಎಂದುಕೊಂಡಿರಬಹುದು.

‘ಎಕ್ಸ್‌ಮಸ್’ ಮೇಲೆ ಮಾತ್ರ ಕೋಪ ಬೇಡ. ಇಂಗ್ಲಿಷ್‌ನಲ್ಲಿ ‘Xmas’ ಎಂದು ಬರೆದಾಗ ಅಲ್ಲಿರುವ ‘X’ ಗ್ರೀಕ್ ಅಕ್ಷರ ‘ಖೀ’, ಆ ಭಾಷೆಯ ‘ಕ್ರಿಸ್ತೋಸ್’ ಪದದ ಮೊದಲಕ್ಷರ. ಶತಮಾನಗಳಿಂದ ಕ್ರೈಸ್ತರೇ ಬಳಸಿದ ಸಂಕ್ಷೇಪ ಅದು. ಆದರೆ ಕನ್ನಡ ಲಿಪಿಗೆ ಬಂದಾಗ ಆ ಅರ್ಥ ಕಾಣುವುದೇ ಇಲ್ಲ, ಹಾಗಾಗಿ ಬೇಡ.

ಮೇಲೆ ದಪ್ಪಕ್ಷರದಲ್ಲಿ ‘ಕ್ರಿಸ್ತ ಜಯಂತಿಯ ಶುಭಾಶಯಗಳು’, ಕೆಳಗೆ ಸಣ್ಣದಾಗಿ ‘ಹೊಸ ವರ್ಷ ಶುಭ ತರಲಿ’ ಎಂದಿರಲಿ. ‘ಕ್ರಿಸ್‌ಮಸ್’ ಎಂದೇ ಬೇಕಿದ್ದರೆ ಪ್ರಿಂಟ್‌ಗೆ ಮೊದಲು ಪ್ರೂಫ್ ನೋಡಿ: ‘ಸ್’ ಆದ ಮೇಲೆ ಜೋಡಣೆ ತಡೆಯುವ ಕೀಲಿ ಒತ್ತದಿದ್ದರೆ ‘ಮ’ ಒತ್ತಕ್ಷರವಾಗಿ ‘ಸ’ದ ಕೆಳಗೆ ಕೂರುತ್ತದೆ. ಇನ್ನೊಂದು ಮಾತು, 26ರ ಬೆಳಗ್ಗೆಯೇ ಬ್ಯಾನರ್ ಬಿಚ್ಚಿಸಬೇಡಿ. ಶಿಶು ಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳ ಹಬ್ಬವಾದ ಜನವರಿ 6ರವರೆಗೂ ಇರಲಿ.